ಹೆರಿಗೆ ಆಸ್ಪತ್ರೆಯ ಸಿಹಿನೀರು

ನಮ್ಮ ಊರಿನಲ್ಲಿ ದಾನ ಕೊಟ್ಟವರನ್ನು ಗುರುತಿಸುವುದು ಸುಲಭ. ಅವರು ತಾವು ದಾನ ಕೊಡಿಸಿದ ಬೀದಿಯಲ್ಲಿ ಓಡಾಡುವುದಿಲ್ಲ. ಶಾಲೆಗೆ ನೀರು ಕೊಡಿಸಿದವನು ಶಾಲೆಯ ನೆರಳು ಬಿದ್ದ ಕಡೆ ನಿಂತು ಬೀಡಿ ಸೇದುವುದಿಲ್ಲ, ಗರಡಿಮನೆಗೆ ಕೊಡಿಸಿದವನು ಕುಸ್ತಿ ನೋಡಲು ಹೋಗುವುದಿಲ್ಲ. ನಾನು ಸಾವಂತ್ರೆವ್ವ, ಹೆರಿಗೆ ಆಸ್ಪತ್ರೆಗೆ ನೀರು ಕೊಡಿಸಿದವಳು. ಆಸ್ಪತ್ರೆ ಇರುವುದು ನನ್ನ ಮನೆಯ ಹಿಂದಿನ ಬೀದಿಯಲ್ಲಿ. ಅದರ ಮುಂದೆ ಹಾದು ಹೋದರೆ ಸಂತೆ ಕೂಗಳತೆಯ ದೂರ. ನಾನು ಊರೆಲ್ಲ ಸುತ್ತಿ ಹೋಗುತ್ತೇನೆ. ಮೊಣಕಾಲು ನನ್ನವು, ನೋವೂ ನನ್ನದು, ಯಾರನ್ನು ಕೇಳಲಿ.

ಊರಿನ ಬಾವಿಗಳೆಲ್ಲ ಸವಳು, ಬಾಯಿಗಿಟ್ಟರೆ ಉಪ್ಪು. ಎಲ್ಲೋ ಒಂದು ಹಿತ್ತಲಿನ ಬಾವಿ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಸಿಹಿಯಾಗುತ್ತದೆ, ಕೆಲವು ವರ್ಷ ಹಾಗೇ ಇದ್ದು ಮತ್ತೆ ಸವಳಾಗುತ್ತದೆ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಸಿಹಿನೀರು ಸಿಕ್ಕವರು ಮನೆಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಪೇಟೆಯ ನಡುವಿನ ಸಿಹಿನೀರಿನ ಮನೆಗೆ ಒಯ್ದು ಸುರಿಯುತ್ತಾರೆ. ಆ ಕಲ್ಲು ಕಟ್ಟಡದೊಳಗೆ ಒಬ್ಬೊಬ್ಬ ದಾನಿಯ ಹೆಸರಿಗೆ ಒಂದೊಂದು ಹೊಂಡ. ಅಲ್ಲಿ ಸುರಿದ ನೀರು ಬತ್ತುವುದಿಲ್ಲ, ಕತ್ತಲಲ್ಲಿ ತಾನೇ ಅಷ್ಟಿಷ್ಟು ಹೆಚ್ಚುತ್ತದೆ. ಮದುವೆಯಾಗಿ ಬಂದ ವರ್ಷ ನಮ್ಮ ಬಾವಿ ಸಿಹಿಯಾಯಿತು. ನನ್ನ ಗಂಡ ಅಂದಾನಪ್ಪ ಹೆಗಲು ಕಪ್ಪುಗಟ್ಟುವ ತನಕ ಕೊಡ ಹೊತ್ತು ಸುರಿದ. ಬಾವಿ ಆಮೇಲೆ ಸವಳಾಯಿತು, ಅಂದಾನಪ್ಪನೂ ಹೋದ. ಹೊಂಡ ಮಾತ್ರ ತುಂಬಿ ನಿಂತಿತ್ತು.

ಅದಕ್ಕೂ ಮೊದಲು ನನಗೊಂದು ಗಂಡುಮಗು ಹುಟ್ಟಿ ಹೋಗಿತ್ತು. ಆಗ ಹೆರಿಗೆ ಆಸ್ಪತ್ರೆಯಲ್ಲೂ ಸವಳು ನೀರೇ. ಅದರಲ್ಲೇ ಮಿಂದು ಮಗುವಿನ ಹೊಕ್ಕುಳ ಕೀವಾಯಿತು, ಕೀವು ನಂಜಾಯಿತು. ಎರಡನೆಯವಳು ಬಂಗಾರೆವ್ವ ಹೇಗೋ ಉಳಿದುಕೊಂಡಳು. ಅವಳಿನ್ನೂ ತೊಟ್ಟಿಲಲ್ಲಿದ್ದಾಗ ನಾನು ಸಿಹಿನೀರಿನ ಮನೆಯ ಪಂಚರ ಮುಂದೆ ಹೋಗಿ ನಿಂತೆ. ಪಂಚರ ಮುಖಂಡ ನಾಗನಗೌಡರು ಎಲ್ಲರಿಗೂ ಹೇಳುವುದನ್ನೇ ನನಗೂ ಹೇಳಿದರು.

"ನೋಡವ್ವಾ, ಇನ್ನ ಇದು ನಿನ್ನ ನೀರಲ್ಲ, ಈ ಮನಿ ನೀರು. ನೀ ಸೂಚನಾ ಕೊಡಬಹುದು, ಹುಕುಂ ಮಾಡೂ ಹಂಗಿಲ್ಲ. ಒಬ್ಬ ಮನಶ್ಯಾನ ಹೆಸರು ಹೇಳೂ ಹಂಗಿಲ್ಲ, ಹತ್ತು ಮಂದಿಗೆ ಆಗೂ ಜಾಗಾ ಹೇಳಬೇಕು. ಮೊದಲ ಯಾರಿಗರ ಕೊಡ್ತೀನಂತ ಮಾತು ಕೊಟ್ಟಿದ್ರ, ಆ ಮಾತು ತೀರ್ಸಾಕ ಈ ನೀರು ಬರೂದಿಲ್ಲ. ಮತ್ತ ಅಲ್ಲಿಂದ ನಿನಗ, ನಿನ್ನ ಹೊಟ್ಟಿಲೆ ಹುಟ್ಟಿದವರಿಗೆ ಒಂದು ಹನಿ ಸುಖ ತಿರುಗಿ ಬರಬಾರದು. ಬಂತಂದ್ರ ನೀರು ಸವಳಾಗ್ತೈತಿ. ಅದನ್ನ ನಾವು ಮಾಡೂದಲ್ಲ, ನೀರ ಮಾಡ್ತೈತಿ."

"ಹೆರಿಗಿ ಆಸ್ಪತ್ರಿಗೆ ಹೋಗ್ಲಿ" ಎಂದೆ. "ಎಂದೆಂದಿಗೂ ಅಲ್ಲೇ ಹೋಗ್ಲಿ."

ಪಂಚರು ಒಪ್ಪಿದರು. ಒಮ್ಮೆ ಹರಿಯಬಿಟ್ಟ ನೀರನ್ನು ತಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಮನೆಗೆ ಬಂದು ಹೇಳಿದಾಗ ಪಕ್ಕದ ಮನೆಯ ಹುಸೇನಬಿ, ಮಿರ್ಚಿ ಭಜಿ ಕರಿದು ಮಾರುವವಳು, ಜಾರಿ ಸೌಟನ್ನು ಎಣ್ಣೆಯಲ್ಲೇ ಬಿಟ್ಟು ನನ್ನ ಮುಖ ನೋಡಿದಳು. "ಮಗಳು ನಾಳೆ ಎಲ್ಲಿ ಹಡೀಬೇಕು?" ಎಂದಳು. "ಆಕಿ ಇನ್ನ ತೊಟ್ಟಿಲದಾಗ ಅದಾಳ, ಆಗಿಂದ ಆಗ ನೋಡೂಣು" ಎಂದು ನಾನು ಬಿಸಿ ಭಜಿ ಬಾಯಿಗೆ ಹಾಕಿಕೊಂಡೆ.

ನೀರು ಎಷ್ಟು ಸೂಕ್ಷ್ಮ ಎಂದು ಊರಿಗೆಲ್ಲ ಗೊತ್ತಿತ್ತು. ಗರಡಿಮನೆಯವರು ತಮ್ಮ ದಾನಿಯನ್ನು ಕರೆದು ಒಂದು ಗ್ಲಾಸು ಶರಬತ್ತು ಕೊಟ್ಟರು, ಮರುದಿನ ಪೈಲ್ವಾನರು ಬಾಯಿ ಮುಕ್ಕಳಿಸಿ ಉಗುಳಿದರು. ಇಬ್ಬರು ಬೀಗರು ಜಾಣತನ ಮಾಡಿ, ನೀ ನನ್ನ ಮಠಕ್ಕೆ ಹೇಳು, ನಾ ನಿನ್ನ ಛತ್ರಕ್ಕೆ ಹೇಳುತ್ತೇನೆ ಎಂದು ಒಪ್ಪಂದ ಮಾಡಿಕೊಂಡರು. ಎರಡೂ ಹೊಂಡ ಒಂದೇ ದಿನ ಕೆಟ್ಟವು. ಕೆಟ್ಟ ಹೊಂಡ ಮತ್ತೆ ಸಿಹಿಯಾದದ್ದಿಲ್ಲ. ಹಾಗಾಗಿ ನಮ್ಮಲ್ಲಿ ಉಪಕಾರ ಪಡೆದವರು ಉಪಕಾರ ಮಾಡಿದವರನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಹೊರಗಿನವರಿಗೆ ಅದು ಸೊಕ್ಕು ಅನಿಸೀತು, ನಮಗೆ ಅದೇ ಕೈ ಮುಗಿದಂತೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಯನ್ನು ನಮ್ಮ ಊರಿನಲ್ಲೇ ಕಟ್ಟಿರಬೇಕು. ನನಗೆ ಬಾಣಂತಿಯರು ಬೆನ್ನು ತಿರುಗಿಸಿದಾಗಲೆಲ್ಲ ಒಳಗೊಳಗೇ ಹೆಮ್ಮೆಯಾಗುತ್ತಿತ್ತು. ಆ ಹೆಮ್ಮೆಯನ್ನೂ ಗಟ್ಟಿಯಾಗಿ ಪಡುವಂತಿರಲಿಲ್ಲ.

ಬಂಗಾರಿಯನ್ನು ಬೇಕಂತಲೇ ಉಪ್ಪಿನ ಬಯಲಿನಾಚೆಯ ಊರಿಗೆ ಕೊಟ್ಟೆ. ಅಲ್ಲೂ ಒಬ್ಬ ಡಾಕ್ಟರು ಇದ್ದ. ಹೆರಿಗೆ ಅಲ್ಲೇ ಆಗಲಿ ಎಂದು ಬೀಗರಿಗೆ ಬಾಯಿ ಬಿಟ್ಟು ಹೇಳಿದ್ದೆ. ಆದರೆ ಸೀಮಂತದ ಕುಬಸ ಮಾಡಿಸಿಕೊಂಡ ಮೇಲೆ ಒಂದು ದಿನ ಅವಳು ಗಂಟುಮೂಟೆ ಸಮೇತ ಬಾಗಿಲಲ್ಲಿ ನಿಂತಳು, ಹೊಟ್ಟೆ ಮೊದಲು, ಅವಳು ಹಿಂದೆ.

"ಅಲ್ಲೇ ಹಡಿ ಅಂತ ಹೇಳಿ ಕಳಿಸಿದ್ನಲ್ಲ" ಎಂದೆ.

"ಚೊಚ್ಚಲ ಯಾರರ ಗಂಡನ ಮನ್ಯಾಗ ಹಡೀತಾರೇನಬೇ? ತವರಿನ್ಯಾಗ ಈಕಿಗೆ ಯಾರೂ ಇಲ್ಲಂತ ನಮ್ಮತ್ತಿ ಊರ ತುಂಬ ಹೇಳ್ಕೊಂತ ಅಡ್ಡಾಡ್ತಾಳ."

"ಇಲ್ಲಿ ಆಸ್ಪತ್ರಿ ನಿನಗಿಲ್ಲ."

"ಆಸ್ಪತ್ರಿ ಯಾರಿಗೆ ಬೇಕು? ಸೂಲಗಿತ್ತಿ ಇಲ್ಲೇನು, ನೀ ಇಲ್ಲೇನು?"

ತಿರುಗಿ ಕಳಿಸಬೇಕಿತ್ತು. ಬಸುರಿ ಮಗಳು ಬಾಗಿಲಿಗೆ ಬಂದಾಗ ತಿರುಗಿ ಕಳಿಸುವ ತಾಯಿ ಎಲ್ಲಿದ್ದಾಳೆ, ಇದ್ದರೆ ಅವಳ ವಿಳಾಸ ನನಗೆ ಕೊಡಿ. ಚೀಲ ಇಸಿದುಕೊಂಡು ಒಳಗೆ ಕರೆದೆ. ಹಿತ್ತಲಿನಲ್ಲಿ ನಮ್ಮದೊಂದು ಹುಣಸೆಮರವಿದೆ. ಬಂಗಾರಿ ಚಿಕ್ಕವಳಿದ್ದಾಗಿನಿಂದ ಅದಕ್ಕೆ ಎಡಗೈಯಿಂದ ಕಲ್ಲು ಬೀರುತ್ತಿದ್ದಳು, ಎಡಗಣ್ಣು ಮುಚ್ಚಿ. ಈಗ ಬಸುರಿಯಾಗಿಯೂ ಅದನ್ನೇ ಮಾಡಿದಳು. ಕಾಯಿ ಬಿದ್ದರೆ ಅಲ್ಲೇ ಕೂತು ಉಪ್ಪು ಹಚ್ಚಿ ಕಚ್ಚುವಳು, ಹಲ್ಲು ಜುಮ್ಮೆಂದು ಮುಖ ಕಿವುಚುವಳು.

"ಹೆಣ್ಣಾದ್ರ ನಿನ್ನ ಹೆಸರ ಇಡ್ತೀನಿ" ಎಂದಳು ಒಂದು ಸಲ. "ಸಾವಂತ್ರಿ. ಬಾಯಿ ಮಾತ್ರ ನಿನ್ನಂಗ ಬ್ಯಾಡ."

ಆ ದಿನಗಳಲ್ಲಿ ನಾನು ಸುಖವಾಗಿದ್ದೆ. ಆ ಮಾತನ್ನು ಹೇಳಲು ಈಗ ಯಾರ ಅಪ್ಪಣೆಯೂ ಬೇಕಿಲ್ಲ, ಆ ಸುಖಕ್ಕೂ ಆಸ್ಪತ್ರೆಯ ನೀರಿಗೂ ಆಗ ಸಂಬಂಧವಿರಲಿಲ್ಲ.

ನೋವು ಬೆಳಗಿನ ಹೊತ್ತು ಶುರುವಾಯಿತು. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ ಕೈ ತೆಗೆದಳು. "ಕೂಸು ಅಡ್ಡ ಬಿದ್ದೈತಿ. ನನ್ನ ಕೈಲೆ ಆಗೂ ಕೆಲಸ ಅಲ್ಲಿದು" ಎಂದಳು. ಹುಸೇನಬಿ ಒಲೆಯನ್ನು ಹಾಗೇ ಬಿಟ್ಟು ಓಡಿ ಹೋಗಿ ಹೆರಿಗೆ ಆಸ್ಪತ್ರೆಯ ಡಾಕ್ಟರು ತಾರಾಬಾಯಿಯವರನ್ನು ಕರೆದು ತಂದಳು. ತಾರಾಬಾಯಿ ಹೊಸ್ತಿಲ ಹೊರಗೇ ನಿಂತರು. ನನ್ನ ಮನೆಗೆ ಅವರು ಕಾಲಿಡುವಂತಿರಲಿಲ್ಲ. ಅಲ್ಲಿಂದಲೇ ಬಂಗಾರಿಯ ಹೊಟ್ಟೆಯ ಆಕಾರ ನೋಡಿ, ಸೂಲಗಿತ್ತಿಯನ್ನು ನಾಲ್ಕು ಮಾತು ಕೇಳಿದರು.

"ಕೊಯ್ದು ತಗೀಬೇಕಾಗ್ತದ" ಎಂದರು. "ಇವತ್ತೇ. ಬಯಲು ದಾಟಿ ಒಯ್ಯುವಷ್ಟು ಹೊತ್ತಿಲ್ಲ."

"ಇಲ್ಲೇ ತಗೀರಿ, ಬಾಯಾರ. ಕಾಲಿಗೆ ಬೀಳ್ತೀನಿ."

"ಇಲ್ಲಿ ಏನಿದೆ ಅಂತ ತಗೀಲಿ, ಸಾವಂತ್ರೆವ್ವ? ನನ್ನ ಕೈ ತೊಳೆಯೋದು ಆ ನೀರಲ್ಲೇ. ಕತ್ತರಿ ಕುದಿಸೋದು ಆ ನೀರಲ್ಲೇ. ನಾನು ಬೆಳಿಗ್ಗೆ ಕುಡಿದು ಬಂದ ಚಹಾನೂ ಅದೇ. ನನ್ನ ಕೈ ನಿನ್ನ ಮಗಳಿಗೆ ತಾಗಿದ್ರೆ ನೀರು ತಾಗಿದ ಹಾಗೇ." ಆಸ್ಪತ್ರೆಯ ಕಡೆ ಕೈ ತೋರಿಸಿ ಹೇಳಿದರು. "ಒಳಗೆ ಬಾಣಂತಿಯರು ಮಲಗಿದಾರೆ. ಕೂಸುಗಳ ಹೊಕ್ಕುಳ ಇನ್ನೂ ಹಸೀ ಇದಾವೆ."

ನನ್ನ ಮಗನ ಹೊಕ್ಕುಳದ ವಾಸನೆ ನನಗೆ ಇನ್ನೂ ನೆನಪಿದೆ. ಅತ್ತ ದರಿ, ಇತ್ತ ಪುಲಿ. ಸಿಹಿನೀರಿನ ಮನೆಗೆ ಓಡಿದೆ.

ನಾಗನಗೌಡರಿಗೆ ವಯಸ್ಸಾಗಿತ್ತು, ಕೋಪ ಬರುತ್ತಿರಲಿಲ್ಲ. ಸೂಚನೆಯನ್ನು ಹಿಂದೆ ತಗೊಳ್ಳುತ್ತೇನೆ ಎಂದೆ. ಕೊಟ್ಟದ್ದು ಹಿಂದೆ ಬರುವುದಿಲ್ಲ ಎಂದರು. ಬೇರೆಯವರ ಹೊಂಡದಿಂದ ಒಂದು ಕೊಡ ಕೊಡಿಸಿ ಎಂದೆ. ಒಬ್ಬರ ಹೆಸರಿಗೆ ಈ ಮನೆಯಿಂದ ಒಂದು ಹನಿಯೂ ಹೋಗುವುದಿಲ್ಲ, ಗೊತ್ತಿದ್ದೂ ಕೇಳುತ್ತೀಯಲ್ಲ ಎಂದರು. ಆಮೇಲೆ ತಾವೇ ಮೆಲ್ಲಗೆ ಹೇಳಿದರು. "ಹರಕೊಳ್ಳೂದು ಒಂದ ದಾರಿ."

ಹರಕೊಳ್ಳುವುದು ನಮ್ಮ ಊರಿನ ಹಳೆಯ ಪದ್ಧತಿ. ಇಬ್ಬರ ನಡುವೆ ಒಂದು ಹೊಸ ಗಡಿಗೆ ಒಡೆದು, ಈಕೆ ನನಗೆ ಯಾರೂ ಅಲ್ಲ ಎನ್ನಬೇಕು. ಅಂದ ಮೇಲೆ ಅವಳು ಪರಕೀಯಳು, ಆಸ್ಪತ್ರೆ ಅವಳಿಗೂ ತೆರೆದಿದೆ. ಆದರೆ ನೀರು ಬಾಯಿಮಾತನ್ನು ನಂಬುವುದಿಲ್ಲ. ಹಿಂದೆ ಗುರುಪಾದಪ್ಪ ಮಾಸ್ತರು ಶಾಲೆಗೆ ನೀರು ಕೊಡಿಸಿ, ಮಗನನ್ನು ಅದೇ ಶಾಲೆಗೆ ಸೇರಿಸಲು ಅವನನ್ನು ಹರಿದುಕೊಂಡರು. ಹುಡುಗ ನೀರು ಕುಡಿದ, ಏನೂ ಆಗಲಿಲ್ಲ. ಆದರೆ ಆ ಹುಡುಗ ಪರೀಕ್ಷೆಯಲ್ಲಿ ಮೊದಲಿಗನಾಗಿ ಪಾಸಾದಾಗ ಬಾಜಾ ಬಜಂತ್ರಿಯ ಮೆರವಣಿಗೆ ಮಾಸ್ತರರ ಓಣಿಯಲ್ಲೇ ಬಂತು. ಮಾಸ್ತರರು ಕಿಟಕಿಯಿಂದ ನೋಡಿ ನಕ್ಕರಂತೆ, ಅಷ್ಟೇ. ಸಂಜೆಯ ಹೊತ್ತಿಗೆ ಶಾಲೆಯ ನೀರು ಸವಳಾಗಿತ್ತು.

"ಅದಕ್ಕ, ಸುದ್ದಿ ಕೇಳೂ ಹಂಗಿಲ್ಲ" ಎಂದರು ಗೌಡರು. "ಉಳದಾಳ ಅಂತ ಗೊತ್ತಾದ್ರ ನಿನ್ನ ಎದಿ ತಣ್ಣಗಾಗ್ತೈತಿ. ಅದ ಹನಿ."

"ಸತ್ತರ?"

"ಸತ್ತರೂ ಹೇಳೂದಿಲ್ಲ. ಸತ್ತಾಗಷ್ಟ ಹೇಳ್ತೀವಂದ್ರ, ಹೇಳದಿದ್ದಾಗ ಉಳದಾಳ ಅಂತ ನಿನಗ ತಿಳೀತೈತಲ್ಲವ್ವಾ."

ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಬರುವ ದಾರಿಯಲ್ಲಿ ಕುಂಬಾರನ ಅಂಗಡಿಯಿಂದ ಒಂದು ಗಡಿಗೆ ತಂದೆ. ಬಂಗಾರಿಯನ್ನು ಹೊರಸಿನ ಮೇಲೆ ಮಲಗಿಸಿ ಓಣಿಯ ನಾಲ್ವರು ಅಂಗಳಕ್ಕೆ ತಂದಿದ್ದರು. ಅವಳ ತುಟಿ ಹಲ್ಲಿಗೆ ಸಿಕ್ಕಿ ರಕ್ತ ಬರುತ್ತಿತ್ತು. ಪಂಚರಲ್ಲಿ ಇಬ್ಬರು ಸಾಕ್ಷಿಗೆ ನಿಂತರು, ಹುಸೇನಬಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ನಾನು ಗಡಿಗೆ ಎತ್ತಿದೆ, ಕೈ ಇಳಿಯಲಿಲ್ಲ.

"ಲಗೂನ ಒಡಿಯಬೇ" ಎಂದಳು ಬಂಗಾರಿ. "ತಡಕೊಳ್ಳಾಕ ಆಗವಲ್ದು ನನಗ."

ಒಡೆದೆ. ಈಕೆ ನನಗೆ ಯಾರೂ ಅಲ್ಲ ಎಂದೆ. ಹೊರಸು ಹಿಂದಿನ ಬೀದಿಗೆ ತಿರುಗಿತು. ಅವಳು ಕತ್ತು ಹೊರಳಿಸಿ ನೋಡಿದಳೋ ಇಲ್ಲವೋ ನನಗೆ ತಿಳಿಯದು, ನಾನು ಅಷ್ಟರಲ್ಲಿ ಮುಖ ತಿರುಗಿಸಿಕೊಂಡಿದ್ದೆ. ಆ ಸಂಜೆ ಊರಿನವರು ಆಸ್ಪತ್ರೆಯ ನೀರನ್ನು ನಾಲಗೆಗೆ ಹಚ್ಚಿ ನೋಡಿದರು. ಸಿಹಿಯಾಗಿತ್ತು.

ಆಮೇಲೆ ಊರು ನನ್ನ ಮಟ್ಟಿಗೆ ಮೂಕವಾಯಿತು. ಅಳಿಯ ಬರಲಿಲ್ಲ, ಬಂದಿದ್ದರೂ ನನಗೆ ಕಾಣಲಿಲ್ಲ. ನಾನು ಹತ್ತಿರ ಹೋದರೆ ಹುಸೇನಬಿ ಅರ್ಧಕ್ಕೇ ಮಾತು ನಿಲ್ಲಿಸಿ ಮೆಣಸಿನಕಾಯಿ ರೇಟಿನ ವಿಷಯ ತೆಗೆಯುತ್ತಿದ್ದಳು. ಮೊದಮೊದಲು ನಾನು ಅವಳ ಕಣ್ಣು ನೋಡಿ ತಿಳಿದುಕೊಳ್ಳಲು ಯತ್ನಿಸಿದೆ. ಅವಳು ನನ್ನೊಡನೆ ಮಾತಾಡುವಾಗ ಎಣ್ಣೆಯ ಬಾಣಲೆಯನ್ನೇ ನೋಡುವುದನ್ನು ರೂಢಿ ಮಾಡಿಕೊಂಡಳು. ಗೆಳತಿಯೆಂದರೆ ಅವಳು. ಒಂದು ತುಂಡು ಸುದ್ದಿ ನುಂಗಿಕೊಂಡು ವರ್ಷಗಟ್ಟಲೆ ನನ್ನ ಪಕ್ಕದಲ್ಲಿ ಬದುಕುವುದು ಅವಳಿಗೂ ಸುಲಭವಿರಲಿಲ್ಲ.

ಸತ್ತಿದ್ದಾಳೆ ಎಂದುಕೊಂಡರೆ ದಿನ ಮಾಡಿ ನಾಲ್ಕು ಜನಕ್ಕೆ ಉಣಬಡಿಸುವಂತಿಲ್ಲ. ಇದ್ದಾಳೆ ಎಂದುಕೊಂಡರೆ ತೊಟ್ಟಿಲ ಕೂಸಿಗೆ ಒಂದು ಕುಲಾವಿ ಹೊಲಿಯುವಂತಿಲ್ಲ. ಒಮ್ಮೊಮ್ಮೆ ರೊಟ್ಟಿ ಬಡಿಯುವಾಗ, ಈಗ ಅವಳ ಮಗು ನಡೆಯುತ್ತಿರಬೇಕು ಎಂಬ ಯೋಚನೆ ಬೆಚ್ಚಗೆ ಬಂದುಬಿಡುತ್ತಿತ್ತು. ಕೂಡಲೇ ಕೈಯನ್ನು ಕಾದ ಹೆಂಚಿಗೆ ತಾಗಿಸಿಕೊಳ್ಳುತ್ತಿದ್ದೆ. ಉರಿಯುವಾಗ ಸುಖದ ಯೋಚನೆ ಉಳಿಯುವುದಿಲ್ಲ. ಹೀಗೆ ಕಲಿತೆ. ಹಬ್ಬಕ್ಕೆ ಹೋಳಿಗೆ ಮಾಡುವುದು ಬಿಟ್ಟೆ, ಮದುವೆಗಳಿಗೆ ಹೋಗುವುದು ಬಿಟ್ಟೆ, ಯಾರ ಮನೆಯ ಕೂಸನ್ನೂ ಎತ್ತಿಕೊಳ್ಳಲಿಲ್ಲ. ಎಲ್ಲಿಂದ ಯಾವ ಸಂತೋಷ ಆ ಕಡೆಗೆ ಹಾದಿ ಮಾಡಿಕೊಂಡೀತೋ ಎಂಬ ಹೆದರಿಕೆ. ಇದನ್ನು ನರಕ ಎನ್ನದೆ ಬೇರೆ ಏನೆನ್ನಬೇಕೋ ನನಗೆ ತಿಳಿಯದು. ಆಸ್ಪತ್ರೆಯ ನೀರು ಮಾತ್ರ ಒಂದು ದಿನವೂ ಕೆಡಲಿಲ್ಲ. ನಾಗನಗೌಡರು ತಾವು ಸಾಯುವ ತನಕ ನನ್ನನ್ನು ಕಂಡಲ್ಲೆಲ್ಲ ಮುಖ ತಿರುಗಿಸಿದರು. ಊರಿನಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಹೋದ ಬೇಸಿಗೆ ಒಂದು ಮಧ್ಯಾಹ್ನ ಹಿತ್ತಲಿನಲ್ಲಿ ಕಲ್ಲು ಬೀಳುವ ಸದ್ದಾಯಿತು. ಕೋಲು ಹಿಡಿದು ಹೋದೆ. ಹಾಲುಹಲ್ಲು ಬಿದ್ದ ಒಬ್ಬ ಹುಡುಗಿ ಗೋಡೆ ಹಾರಿ ಬಂದಿದ್ದಳು, ಹೆಗಲಿಗೆ ನೀರಿನ ಬಾಟಲಿ, ಲಂಗದ ಮಡಿಲಿನಲ್ಲಿ ಆಗಲೇ ಕಾಯಿ ತುಂಬಿದ್ದವು. ಇನ್ನೊಂದು ಕಲ್ಲು ಎತ್ತಿ ಗುರಿ ಇಡುತ್ತಿದ್ದಳು. ಎಡಗೈ. ಎಡಗಣ್ಣು ಮುಚ್ಚಿತ್ತು. ನಾನು ಅದನ್ನು ನೋಡಿದೆ, ನೋಡಿಲ್ಲವೆಂದುಕೊಂಡೆ. ಎಡಚರು ಊರಲ್ಲಿ ಬೇಕಾದಷ್ಟಿದ್ದಾರೆ.

"ಮಂದಿ ಗಿಡಕ್ಕ ಕಲ್ಲ ಒಗೀತಿ ಏನ? ನಿಮ್ಮವ್ವ ಬುದ್ಧಿ ಕಲಿಸಿಲ್ಲೇನ ನಿನಗ?"

"ನಮ್ಮವ್ವ ಇಲ್ರಿ" ಎಂದಳು ಹುಡುಗಿ, ಬಾಯಿಪಾಠ ಒಪ್ಪಿಸಿದಂತೆ. "ನಾ ಹುಟ್ಟಿದ ದಿನಾನ ತೀರಿಕೊಂಡಾಳಂತ."

"ಯಾರ ಪೈಕಿ ನೀ?"

"ಆಸ್ಪತ್ರಿಯಾಕಿ. ಡಾಕ್ಟರಬಾಯಾರ ಕಡೆ ಇರ್ತೀನ್ರಿ. ನಮ್ಮಪ್ಪ ಬ್ಯಾರೆ ಲಗ್ನಾ ಆಗ್ಯಾನ."

ನಾನು ಅಲ್ಲಿಗೇ ಬಿಡಬೇಕಿತ್ತು. ಬಾಯಿ ಕೇಳಿಯೇ ಬಿಟ್ಟಿತು. "ಹೆಸರೇನು?"

"ಸಾವಂತ್ರಿ."

ಇಷ್ಟು ವರ್ಷ ಯಾವ ಮಗಳು ಎಲ್ಲೋ ಸುಖವಾಗಿರಬಹುದೆಂದು ಹೆದರಿ ನಾನು ನಗುವುದನ್ನೇ ಬಿಟ್ಟಿದ್ದೆನೋ ಆ ಮಗಳು ಅಂದೇ ಹೋಗಿದ್ದಳು. ಗಡಿಗೆ ಒಡೆದ ದಿನವೇ. ನನ್ನ ಎದೆಯಿಂದ ಒಂದು ಕೂಗು ಮೇಲೆ ಬರುತ್ತಿತ್ತು, ಅದರ ಬೆನ್ನಿಗೇ ಇನ್ನೊಂದು ಏನೋ ಬರತೊಡಗಿತು, ಬೆಚ್ಚಗೆ. ಇವಳು ಇದ್ದಾಳೆ. ಹಿಂದಿನ ಬೀದಿಯಲ್ಲೇ ಇದ್ದಾಳೆ, ಹಲ್ಲು ಬಿದ್ದಿದೆ, ಗೋಡೆ ಹಾರುತ್ತಾಳೆ. ಹಿಂದಿನ ಬೀದಿಯ ಆ ಹಸಿ ಹೊಕ್ಕುಳಗಳು ನೆನಪಾದವು. ಕೈ ತಾಗಿಸಿಕೊಳ್ಳಲು ಇಲ್ಲಿ ಕಾದ ಹೆಂಚು ಇರಲಿಲ್ಲ. ಬಂಗಾರಿಯ ರಕ್ತ ಬಂದ ತುಟಿಯನ್ನು ಕಣ್ಣ ಮುಂದೆ ತಂದುಕೊಂಡೆ, ತಾರಾಬಾಯಿಯ ಮೇಜಿನ ಮೇಲೆ ಅವಳು ತಣ್ಣಗಾದದ್ದನ್ನು ನೋಡದಿದ್ದರೂ ತಂದುಕೊಂಡೆ. ಸತ್ತ ಮಗಳನ್ನು ಅಡ್ಡ ಹಿಡಿದುಕೊಂಡು ಇದ್ದ ಮೊಮ್ಮಗಳನ್ನು ತಡೆದೆ. ಮೊದಲ ಸಲ ಮಗಳಿಗಾಗಿ ಅಳುವ ಹಕ್ಕು ಸಿಕ್ಕಿತ್ತು, ಅದನ್ನೂ ಆ ಕೆಲಸಕ್ಕೇ ಬಳಸಿದೆ.

ಹುಡುಗಿ ನನ್ನನ್ನೇ ನೋಡುತ್ತಿದ್ದಳು. "ಏನಾತ್ರಿ ಅಜ್ಜಿ?" ಎಂದಳು. ಊರಿನ ಮುದುಕಿಯರನ್ನೆಲ್ಲ ಮಕ್ಕಳು ಕರೆಯುವುದು ಹಾಗೇ.

"ಆ ಬಾಟಲ್ಯಾಗ ಆಸ್ಪತ್ರಿ ನೀರೈತೇನು?"

"ಹೂಂ."

"ಒಂದ ಗುಟುಕು ಕುಡಿ ನೋಡೂಣು."

ಅವಳು ಮುಚ್ಚಳ ತೆಗೆದು ಕುಡಿದಳು. ಆ ಒಂದು ಗುಟುಕು ಅವಳ ಗಂಟಲಿನಲ್ಲಿ ಇಳಿಯುವ ತನಕ ನಾನು ಉಸಿರಾಡಲಿಲ್ಲ. "ಹೆಂಗೈತಿ?" ಎಂದೆ.

"ಸಿಹಿ ಐತಿ" ಎಂದಳು, ಇದೆಂಥ ಪ್ರಶ್ನೆ ಎಂಬ ಮುಖ ಮಾಡಿ. "ಆಸ್ಪತ್ರಿ ನೀರು ಯಾವಾಗಲೂ ಸಿಹಿನ ಇರ್ತೈತಲ್ರಿ."

ಸಿಹಿಯಾಗಿತ್ತು. ಮೊಮ್ಮಗಳು ಕೈಯಳತೆಯಲ್ಲಿ ನಿಂತಿದ್ದಾಗಲೂ ನೀರು ಸಿಹಿಯಾಗಿತ್ತು. ನಾನು ಗೆದ್ದಿದ್ದೆ. ಇಂಥ ಗೆಲುವು ಶತ್ರುವಿಗೂ ಬೇಡ.

ಅವಳು ಬಾಟಲಿಯ ಮುಚ್ಚಳ ತಿರುವಿ, ಮಡಿಲಿನ ಕಾಯಿಗಳನ್ನು ಸರಿಮಾಡಿಕೊಂಡಳು. ಬೈಗುಳ ಮುಗಿಯಿತೆಂದು ಧೈರ್ಯ ಬಂದಿರಬೇಕು. "ನಾಳೆ ಬರ್ಲೇನ್ರಿ? ಮ್ಯಾಲ ಇನ್ನ ಭಾಳ ಅದಾವು" ಎಂದಳು.

ಒಂದು ಸಲ ಇವತ್ತು ತಡೆದೆ. ನಾಳೆ ಬಂದರೆ ತಡೆಯಲಾರೆ. ನಾಡಿದ್ದು ಉಪ್ಪು ತಂದಿಡುತ್ತೇನೆ, ಆಚೆ ನಾಡಿದ್ದು ತಲೆ ಬಾಚುತ್ತೇನೆ. ನನಗೆ ನನ್ನ ಯೋಗ್ಯತೆ ಗೊತ್ತು. ಕೋಲು ಎತ್ತಿದೆ.

"ಮತ್ತ ಇತ್ತಾಗ ಕಾಲಿಟ್ಟಿ ಅಂದ್ರ ಕಾಲ ಮುರೀತೀನಿ ನೋಡು. ನಡಿ."

ಅವಳು ಬೆದರಿ ಗೋಡೆಯತ್ತ ಓಡಿದಳು, ಮಡಿಲು ಬಿಚ್ಚಿ ಕಾಯಿಗಳೆಲ್ಲ ನೆಲಕ್ಕೆ ಬಿದ್ದವು. ಹತ್ತುವಾಗ ಒಮ್ಮೆ ತಿರುಗಿ ನೋಡಿ, ಅಳು ನುಂಗಿಕೊಂಡು ಆಚೆ ಹಾರಿದಳು. ನಾನು ಆ ಕಾಯಿಗಳನ್ನು ಹೆಕ್ಕಲಿಲ್ಲ.

ಮರುದಿನ ಮರ ಕಡಿಯುವ ಫಕ್ಕೀರಪ್ಪನನ್ನು ಕರೆಸಿದೆ. ಅವನು ಕೊಡಲಿ ಹೆಗಲಿನಲ್ಲೇ ಇಟ್ಟುಕೊಂಡು ಹುಣಸೆಮರದ ಸುತ್ತ ಒಂದು ಸುತ್ತು ಹಾಕಿದ. ಕೊಂಬೆಗಳು ಕಾಯಿಯ ಭಾರಕ್ಕೆ ಬಾಗಿದ್ದವು.

"ಕಾಯಿ ಬಿಡೂ ಗಿಡಾ ಯಾಕ ಕಡಸ್ತೀರಿ, ಅವ್ವಾರ?" ಎಂದ.

"ಹುಡುಗ್ರು ಬರ್ತಾವು" ಎಂದೆ.